ನಡೆದೇ ಇಲ್ಲ ಎನ್ನುವವರ ಎದುರು ಹಾಡು

2021ರ ಜುಲೈನಲ್ಲಿ ರಾಜ್ಯಸಭೆಯ ಪ್ರಶ್ನೆಯೊಂದಕ್ಕೆ ಉತ್ತರಿಸುತ್ತ ಕೇಂದ್ರ ಸಾಮಾಜಿಕ ನ್ಯಾಯ ಖಾತೆಯು, ಮಲ ಹೊರುವ ಕೆಲಸದಿಂದ ಯಾರೂ ಸತ್ತ ವರದಿಯಿಲ್ಲ ಎಂದು ತಿಳಿಸಿತು. ಕೆಲವೇ ದಿನಗಳಲ್ಲಿ ಅದೇ ಖಾತೆ, ಒಳಚರಂಡಿ ಮತ್ತು ಮಲಗುಂಡಿಗಳನ್ನು ಶುಚಿಗೊಳಿಸುವಾಗ 941 ಮಂದಿ ಸತ್ತಿದ್ದಾರೆಂದೂ ಸಂಸತ್ತಿಗೆ ಹೇಳಿತು. ಕಾಗದದ ಮೇಲೆ ಎರಡೂ ಉತ್ತರಗಳು ಸರಿಯೇ, ಏಕೆಂದರೆ 2013ರ ಕಾಯ್ದೆಯು ಮಲ ಹೊರುವುದನ್ನೂ ಅಪಾಯಕಾರಿ ಶುಚಿಕಾರ್ಯವನ್ನೂ ಬೇರೆ ಬೇರೆಯಾಗಿ ವ್ಯಾಖ್ಯಾನಿಸಿದೆ. ಗುಂಡಿಗೆ ಇಳಿದು ವಿಷಾನಿಲಕ್ಕೆ ಸಿಕ್ಕಿ ಸತ್ತವನ ಮನೆಯವರ ಪಾಲಿಗೆ ಈ ವ್ಯತ್ಯಾಸಕ್ಕೆ ಅರ್ಥವೇ ಇಲ್ಲ. ಆಳುವವರಿಗೆ ಮಾತ್ರ ಇದರಿಂದ ದೊಡ್ಡ ಅನುಕೂಲವಿದೆ: ತಲೆಮಾರುಗಳಿಂದ ಅವೇ ಕೆಲವು ಜಾತಿಗಳ ಜನರನ್ನು ಆ ಗುಂಡಿಗೆ ಇಳಿಸುತ್ತ ಬಂದ ವ್ಯವಸ್ಥೆ ಲೆಕ್ಕದಿಂದ ಜಾರಿಹೋಗುತ್ತದೆ, ಉಳಿಯುವುದು ಅಪಘಾತಗಳ ಪಟ್ಟಿ.

ಶೋಷಣೆಯನ್ನು ನಿರಾಕರಿಸುವುದೆಂದರೆ ಯಾರೋ ಹಸಿಸುಳ್ಳು ಹೇಳುವುದು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಸಮಾಜಕ್ಕೆ ಅಷ್ಟು ಶ್ರಮ ಬೇಕಿರುವುದಿಲ್ಲ. ಸಾವನ್ನು ಒಪ್ಪಿಕೊಂಡು ಅದರ ಕಾರಣವನ್ನು ಬೇರೆ ಕಡತಕ್ಕೆ ಸೇರಿಸಿದರೆ ಸಾಕು. ಮಹಾರಾಷ್ಟ್ರದ ಶಾಹಿರರು (ಪದ ಕಟ್ಟಿ ಹಾಡುವ ಜನಪದ ಕವಿಗಳು) ಮತ್ತು ಕರ್ನಾಟಕದ ದಲಿತ ಚಳವಳಿಯ ಹಾಡುಗಾರರು ಕಳೆದ ಹಲವು ದಶಕಗಳಿಂದ ಮಾಡುತ್ತ ಬಂದಿರುವುದು, ಹೀಗೆ ಬೇರ್ಪಡಿಸಿದ ಸಂಗತಿಗಳನ್ನು, ಅಂದರೆ ಸತ್ತವರ ಹೆಸರು, ಊರು, ದಿನ, ಜಾತಿ ಮತ್ತು ಕೊಂದವರ ಬಲವನ್ನು, ಮತ್ತೆ ಒಂದೇ ಉಸಿರಿನಲ್ಲಿ ಜೋಡಿಸಿ ಹೇಳುವ ಕೆಲಸವನ್ನು. ಪ್ರತಿಭಟನೆಯ ಹಾಡನ್ನು ಆಕ್ರೋಶದ ಅಭಿವ್ಯಕ್ತಿ ಎಂದು ಮಾತ್ರ ವಿವರಿಸುವ ವಿಮರ್ಶೆ ಈ ಕೆಲಸವನ್ನು ಗಮನಿಸುವುದೇ ಇಲ್ಲ. ಆಕ್ರೋಶ ಅದರಲ್ಲಿ ಇದ್ದೇ ಇದೆ, ಆದರೆ ಅದಕ್ಕಿಂತ ಮೊದಲು ಆ ಹಾಡು ಒಂದು ಸಾಕ್ಷ್ಯ.

ಮುಂಬಯಿಯಲ್ಲಿ ಬದುಕುವ ಕನ್ನಡಿಗರಿಗೆ ಇದನ್ನು ಅರಿಯಲು ದೂರ ಹೋಗಬೇಕಿಲ್ಲ. ಪೂರ್ವ ಎಕ್ಸ್‌ಪ್ರೆಸ್ ಹೆದ್ದಾರಿಯ ಪಕ್ಕದಲ್ಲಿ, ಘಾಟಕೋಪರದಲ್ಲಿರುವ ರಮಾಬಾಯಿ ಅಂಬೇಡ್ಕರ್ ನಗರದಲ್ಲಿ 1997ರ ಜುಲೈ 11ರ ಬೆಳಿಗ್ಗೆ ಅಂಬೇಡ್ಕರ್ ಪ್ರತಿಮೆಗೆ ಚಪ್ಪಲಿ ಹಾರ ಹಾಕಿದ್ದು ಕಂಡಿತು. ಜನ ರಸ್ತೆಗಿಳಿದರು. ರಾಜ್ಯ ಮೀಸಲು ಪೊಲೀಸ್ ಪಡೆ ಗುಂಡು ಹಾರಿಸಿ ಹತ್ತು ಮಂದಿಯನ್ನು ಕೊಂದಿತು. ಹೆದ್ದಾರಿಯಲ್ಲಿ ನಿಂತಿದ್ದ ಗ್ಯಾಸ್ ಟ್ಯಾಂಕರ್‌ಗಳಿಗೆ ಗುಂಪು ಬೆಂಕಿ ಹಚ್ಚಲಿತ್ತು, ದೊಡ್ಡ ಅನಾಹುತ ತಪ್ಪಿಸಲು ಗುಂಡು ಹಾರಿಸಬೇಕಾಯಿತು ಎಂಬುದು ಪೊಲೀಸರ ವಿವರಣೆಯಾಗಿತ್ತು. ನ್ಯಾಯಮೂರ್ತಿ ಗುಂಡೇವಾರ್ ಆಯೋಗ ಈ ವಿವರಣೆಯನ್ನು ಒಪ್ಪಲಿಲ್ಲ. ಗೋಲಿಬಾರ್ ಸಮರ್ಥನೀಯವಲ್ಲ ಎಂದಿತು. 2009ರಲ್ಲಿ ಸೆಷನ್ಸ್ ನ್ಯಾಯಾಲಯವು ಗುಂಡು ಹಾರಿಸಲು ಆದೇಶಿಸಿದ ಅಧಿಕಾರಿಗೆ ಜೀವಾವಧಿ ಶಿಕ್ಷೆ ವಿಧಿಸಿತು, ಬಳಿಕ ಆತನಿಗೆ ಜಾಮೀನು ಸಿಕ್ಕಿತು. ಸತ್ತವರೇ ತಮ್ಮ ಸಾವಿಗೆ ಕಾರಣರು ಎಂಬ ಕಥೆಯೊಂದು ಅಧಿಕೃತವಾಗಿ ತಿರಸ್ಕೃತವಾಗಲು ಇಷ್ಟು ಕಾಲ ಹಿಡಿಯಿತು. ಆ ಕಥೆಯನ್ನು ನಂಬಿದ ನಗರವಾಸಿಗಳಲ್ಲಿ ಎಷ್ಟೋ ಜನರ ಮನಸ್ಸಿನಲ್ಲಿ ಅದು ಇಂದಿಗೂ ತಿರಸ್ಕೃತವಾಗಿಲ್ಲ.

ಗೋಲಿಬಾರ್ ನಡೆದ ನಾಲ್ಕು ದಿನಗಳಿಗೆ ಮುಲುಂಡಿನಲ್ಲಿದ್ದ ತಮ್ಮ ಮನೆಯಲ್ಲಿ ಶಾಹಿರ ವಿಲಾಸ್ ಘೋಗ್ರೆ ನೇಣು ಹಾಕಿಕೊಂಡರು. ಆವಾಹನ್ ನಾಟ್ಯ ಮಂಚ್‌ನ ಹಾಡುಗಾರರಾಗಿದ್ದ ಅವರು ಬಸ್ತಿಗಳ, ಅಂದರೆ ಕೊಳೆಗೇರಿಗಳ, ತೆರವಿನ ವಿರುದ್ಧ, ಗಿರಣಿ ಕಾರ್ಮಿಕರ ಪರವಾಗಿ ಹಾಡಿದವರು. 1985ರಲ್ಲಿ ಬಂದ, ಮುಂಬಯಿಯ ಬಸ್ತಿಗಳನ್ನು ಕುರಿತ ಆನಂದ್ ಪಟವರ್ಧನ್ ಅವರ ಸಾಕ್ಷ್ಯಚಿತ್ರದಲ್ಲಿ ಅವರ ದನಿ ಇದೆ. ಘೋಗ್ರೆಯವರ ಸಾವಿನಿಂದ ಮೊದಲುಗೊಂಡು ಪಟವರ್ಧನ್ ಹದಿನಾಲ್ಕು ವರ್ಷ ಚಿತ್ರೀಕರಿಸಿದ ‘ಜೈ ಭೀಮ್ ಕಾಮ್ರೇಡ್’, ಈ ನಗರದ ಅಂಬೇಡ್ಕರ್‌ವಾದಿ ಹಾಡುಗಳ ಅತ್ಯಂತ ದೊಡ್ಡ ದಾಖಲೆ ಎಂದು ನಾನು ತಿಳಿದಿದ್ದೇನೆ. ಅದನ್ನು ನೋಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ವಿಚಾರಣೆ, ವಾಯಿದೆ, ವರದಿಗಳು ಒಂದೆಡೆ ನಿಧಾನವಾಗಿ ಸಾಗುತ್ತಿದ್ದರೆ ಬಸ್ತಿಯ ಅಂಗಳದಲ್ಲಿ ಹಾಡು ಮೊದಲ ದಿನದಿಂದಲೇ ನಡೆದದ್ದನ್ನು ನಡೆದಂತೆ ಹೇಳುತ್ತಿರುತ್ತದೆ.

ಈ ಕೆಲಸಕ್ಕೆ ಬೇಕಾದ ರೂಪ ಶಾಹಿರಿಯಲ್ಲಿ ಮೊದಲಿನಿಂದಲೇ ಇತ್ತು. ಪೋವಾಡವೆಂಬುದು ವೀರರ ಕಥೆ ಹೇಳುವ ಪದ. ಯಾವ ಊರು, ಯಾವ ದಿನ, ಯಾರ ಮಗ, ಯಾರೊಡನೆ ಕಾದಾಡಿದ ಎಂಬ ವಿವರವಿಲ್ಲದೆ ಅದು ಮುಂದೆ ಸಾಗುವುದಿಲ್ಲ. ಮಹಾತ್ಮ ಫುಲೆಯವರು 1869ರಲ್ಲಿಯೇ ಶಿವಾಜಿಯ ಮೇಲೆ ಪೋವಾಡ ಬರೆದು, ಅರಸನ ಕಥೆಯನ್ನು ಕುಳವಾಡಿಗಳ, ಅಂದರೆ ರೈತರ, ಕಡೆಯಿಂದ ಹೇಳಿದರು. 1873ರ ಸೆಪ್ಟೆಂಬರ್ 24ರಂದು ಪುಣೆಯಲ್ಲಿ ಸ್ಥಾಪನೆಯಾದ ಸತ್ಯಶೋಧಕ ಸಮಾಜದ ವಿಚಾರಗಳನ್ನು ಹಳ್ಳಿಗಳಿಗೆ ಒಯ್ದದ್ದು ಸತ್ಯಶೋಧಕ ಜಲಸಾ ಎಂಬ ಹಾಡು-ಸಂಭಾಷಣೆಯ ಮೇಳ, ಮುಂದೆ ಅಂಬೇಡ್ಕರ್‌ವಾದಿ ಜಲಸಾ. ಇವೆರಡೂ ಮರಾಠಿ ಜನಪದ ರಂಗಪ್ರಕಾರವಾದ ತಮಾಷಾದ ರಚನೆಯನ್ನು ಉಳಿಸಿಕೊಂಡು ಅದರ ಒಳಗಿನ ವಸ್ತುವನ್ನು ಬದಲಿಸಿದವು. ದೇವರ ಸ್ತುತಿಯ ಜಾಗದಲ್ಲಿ ಜ್ಞಾನದ ಸ್ತುತಿ ಬಂತು. ಶೃಂಗಾರದ ಸಂಭಾಷಣೆಯ ಜಾಗದಲ್ಲಿ ಸಾಲ, ಬಿಟ್ಟಿ ಚಾಕರಿ, ಕೆರೆಯ ನೀರಿನ ಮಾತು ಬಂತು.

ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಕಡೆಯವರಿಗೆ ಈ ರೂಪ ಹೊಸದೆನಿಸುವುದಿಲ್ಲ. ನಮ್ಮ ಗೀಗೀ ಪದದಲ್ಲಿಯೂ ಮುಮ್ಮೇಳದವರು ಕಥೆ ಎತ್ತುತ್ತಾರೆ, ಹಿಮ್ಮೇಳದವರು ‘ಗೀ ಗೀ’ ಎಂದು ದನಿಗೂಡಿಸುತ್ತಾರೆ. ದಪ್ಪು, ತುಂತುಣಿ, ತಾಳಗಳ ಜೊತೆಗಾರಿಕೆಯೂ ಶಾಹಿರರ ಮೇಳಕ್ಕೆ ತೀರ ಹತ್ತಿರದ್ದು. ಮುಖ್ಯ ಹಾಡುಗಾರ ಹೇಳಿದ ಸಾಲನ್ನು ಮೇಳದವರು, ಬರಬರುತ್ತ ಕೂತ ಜನರೂ ಎತ್ತಿಕೊಳ್ಳುತ್ತಾರೆ. ನಿರಾಕರಣೆಯ ವಿಷಯದಲ್ಲಿ ಈ ಎತ್ತಿಕೊಳ್ಳುವಿಕೆಯೇ ಬಹು ಮುಖ್ಯವೆಂದು ನನಗೆ ಕಾಣುತ್ತದೆ. ವರದಿಯನ್ನು ಓದುವವನು ಒಬ್ಬನೇ ಓದುತ್ತಾನೆ, ನಂಬಬಹುದು ಅಥವಾ ಬಿಡಬಹುದು. ಹಾಡಿನ ಮುಂದೆ ಕೂತವನು ಸಾಲನ್ನು ತನ್ನ ಬಾಯಿಂದಲೇ ಆಡಿ ತೋರಿಸಬೇಕಾಗುತ್ತದೆ, ಅದೂ ನೆರೆಹೊರೆಯವರ ಕಿವಿಗೆ ಬೀಳುವಂತೆ. ಒಮ್ಮೆ ಹಾಗೆ ಆಡಿದ ಮೇಲೆ ತನಗೆ ಗೊತ್ತೇ ಇರಲಿಲ್ಲ ಎನ್ನುವುದು ಕಷ್ಟ.

ಮುಂಬಯಿಯ ಶಾಹಿರರಲ್ಲಿ ಮೊದಲು ನೆನೆಯಬೇಕಾದವರು ಅಣ್ಣಾಭಾವು ಸಾಠೆ. ಸಾಂಗ್ಲಿ ಜಿಲ್ಲೆಯ ವಾಟೇಗಾಂವ್‌ನಲ್ಲಿ 1920ರಲ್ಲಿ ಮಾತಂಗ ಕುಟುಂಬದಲ್ಲಿ ಹುಟ್ಟಿ, ಈ ನಗರದ ಗಿರಣಿಯಲ್ಲಿ ದುಡಿದ ಅವರು 1944ರಲ್ಲಿ ಅಮರ್ ಶೇಖ್ ಮತ್ತು ಗವಾಣಕರ್ ಅವರೊಡನೆ ಲಾಲ್ ಬಾವಟಾ ಕಲಾಪಥಕವನ್ನು ಕಟ್ಟಿದರು. ಊರಿನಲ್ಲಿ ಹೆಂಡತಿಯನ್ನು ಬಿಟ್ಟು ಮುಂಬಯಿಗೆ ದುಡಿಯಲು ಬಂದವನ ಅಳಲನ್ನು ಹೇಳುವ ಅವರ ಬಲು ಪ್ರಸಿದ್ಧ ಛಕ್ಕಡ್ (ಲಾವಣಿಯ ಬಗೆಯ ಹಾಡು) ಒಂದು, ಮರಾಠಿಗರಿಗೆ ಒಂದೇ ರಾಜ್ಯ ಬೇಕೆಂದ ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಕಾಲದ್ದು. ಅದರಲ್ಲಿ ಬೆಳಗಾವಿ, ಕಾರವಾರ, ನಿಪ್ಪಾಣಿಗಳು ಮಹಾರಾಷ್ಟ್ರಕ್ಕೆ ಸೇರದೆ ಉಳಿದ ನೋವಿನ ಮಾತೂ ಬರುವುದರಿಂದ ಕನ್ನಡಿಗರು ಆ ಹಾಡಿನ ಎದುರು ಮುಜುಗರಪಡುತ್ತಾರೆ. ಆ ಬೇಡಿಕೆಯನ್ನು ನಾನೂ ಒಪ್ಪುವುದಿಲ್ಲ. ಆದರೆ ಗಡಿಯ ಮಾತನ್ನು ಬದಿಗಿಟ್ಟು ಕೇಳಿದರೆ, ಬೆಳಕು ಬೀರುವ ನಗರದ ಬುಡದಲ್ಲಿ ದುಡಿಯುವವನು ಹೇಗೆ ಬದುಕುತ್ತಾನೆಂದು ಹೇಳುವ ಆ ಸಾಲುಗಳು ಇಂದು ನವಿ ಮುಂಬಯಿಯ ನಾಕಾಗಳಲ್ಲಿ ಬೆಳಿಗ್ಗೆ ಕೂಲಿಗಾಗಿ ನಿಲ್ಲುವ ನಮ್ಮ ಯಾದಗಿರಿ, ಕಲಬುರಗಿ, ವಿಜಯಪುರದ ವಡ್ಡರ, ಲಂಬಾಣಿಗರ, ಹೊಲೆ-ಮಾದಿಗರ ಕಥೆಯೂ ಹೌದು.

ಅಣ್ಣಾಭಾವು 1947ರ ಆಗಸ್ಟ್ 16ರಂದು, ಈ ಸ್ವಾತಂತ್ರ್ಯ ಸುಳ್ಳು, ದೇಶದ ಜನ ಹಸಿದಿದ್ದಾರೆ ಎಂಬ ಘೋಷಣೆಯೊಡನೆ ಮುಂಬಯಿಯಲ್ಲಿ ಮೆರವಣಿಗೆ ನಡೆಸಿದರೆಂದು ಇಲ್ಲಿನ ಕಾರ್ಮಿಕ ಚಳವಳಿ ನೆನೆಯುತ್ತದೆ. ಮೂರು ದಶಕಗಳಷ್ಟು ತಡವಾಗಿ ಸಿದ್ದಲಿಂಗಯ್ಯನವರು ಆ ಸ್ವಾತಂತ್ರ್ಯ ಯಾರಿಗೆ ಬಂತು, ಎಲ್ಲಿಗೆ ಬಂತು ಎಂದು ಕನ್ನಡದಲ್ಲಿ ಕೇಳಿದರು. ಆಚರಣೆಯ ನಡುವೆ ಎದ್ದುನಿಂತು, ಸ್ವಾತಂತ್ರ್ಯ ಯಾರಿಗೆ ಬರಲಿಲ್ಲವೋ ಅವರ ಪಟ್ಟಿ ಓದುವ ಈ ರೀತಿಯೇ ಎರಡೂ ಭಾಷೆಗಳಲ್ಲಿ ಪ್ರತಿಭಟನೆಯ ಹಾಡಿನ ಬೆನ್ನೆಲುಬು. ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದ ಸಚಿವ ಬಸವಲಿಂಗಪ್ಪನವರ ಮಾತಿನಿಂದ ಎದ್ದ 1973ರ ಬೂಸಾ ಪ್ರಕರಣದ ನಂತರ ಬೆಳೆದ ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ಭಾಷಣಕ್ಕಿಂತ ಮೊದಲು ತಮಟೆ ಮತ್ತು ಹಾಡು ಊರನ್ನು ಪ್ರವೇಶಿಸುತ್ತಿದ್ದವು. ಕೋಟಿಗಾನಹಳ್ಳಿ ರಾಮಯ್ಯ, ಪಿಚ್ಚಳ್ಳಿ ಶ್ರೀನಿವಾಸ, ಜನಾರ್ಧನ್ ಜನ್ನಿ ಮೊದಲಾದವರ ಹಾಡು-ದನಿಗಳು ಆ ದಾರಿಯಲ್ಲಿ ಹರಡಿದವು.

ಇಲ್ಲಿ ಎರಡು ಪ್ರಕರಣಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟ್ ಆ ಬಿಡುಗಡೆಯನ್ನು ಎತ್ತಿಹಿಡಿಯಿತು. ಕಾನೂನಿನ ಲೆಕ್ಕದಲ್ಲಿ ಏಳು ಜನ ಸತ್ತಿದ್ದಾರೆ, ಕೊಂದವರು ಯಾರೂ ಇಲ್ಲ. 2006ರ ಸೆಪ್ಟೆಂಬರ್ 29ರಂದು ಭಂಡಾರಾ ಜಿಲ್ಲೆಯ ಖೈರ್ಲಾಂಜಿಯಲ್ಲಿ ಭೋತಮಾಂಗೆ ಕುಟುಂಬದ ತಾಯಿ, ಮಗಳು, ಇಬ್ಬರು ಗಂಡುಮಕ್ಕಳನ್ನು ಊರವರೇ ಹೊಡೆದು ಕೊಂದರು. ಅಲ್ಲಿ ಶಿಕ್ಷೆಯಾಯಿತು. ಆದರೆ 2008ರಲ್ಲಿ ವಿಚಾರಣಾ ನ್ಯಾಯಾಲಯವೂ 2010ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠವೂ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯನ್ನು ಅನ್ವಯಿಸಲು ಒಪ್ಪಲಿಲ್ಲ. ಕೊಲೆ ಸೇಡಿನಿಂದ ನಡೆದದ್ದು, ಜಾತಿಯಿಂದಲ್ಲ ಎಂಬ ನಿಲುವು ಉಳಿಯಿತು. ಒಂದು ಕಡೆ ಕೊಂದವರು ಮಾಯವಾದರು, ಇನ್ನೊಂದು ಕಡೆ ಕೊಲ್ಲಲು ಕಾರಣವಾದ ಜಾತಿ ಮಾಯವಾಯಿತು. ಎರಡನೆಯದು ಮೊದಲನೆಯದಕ್ಕಿಂತ ಕಡಿಮೆ ಅನ್ಯಾಯದ್ದಾಗಿ ಕಾಣಬಹುದು. ನನಗೆ ಹಾಗೆ ಅನಿಸುವುದಿಲ್ಲ. ಜಾತಿಯನ್ನು ತೆಗೆದುಹಾಕಿದ ಕೊಲೆಯಿಂದ ಇತರರು ಏನನ್ನೂ ಕಲಿಯಬೇಕಾಗಿಲ್ಲ; ಅದು ಆ ಊರಿನ, ಆ ಕೆಲವರ ಜಗಳವಾಗಿ ಮುಗಿದುಹೋಗುತ್ತದೆ. ಹಾಡು ನ್ಯಾಯಾಲಯದ ಪುರಾವೆಯಾಗಲಾರದು, ಆಗಬೇಕಾಗಿಯೂ ಇಲ್ಲ. ತಿರುಗಿಬೀಳುವಂತೆ ಸಾಕ್ಷಿಯನ್ನು ಹೆದರಿಸಬಹುದು, ಸಾವಿರ ಜನರ ಬಾಯಲ್ಲಿ ಇರುವ ಸಾಲನ್ನು ಹಾಗೆ ಹೆದರಿಸಿ ಹಿಂದೆ ತೆಗೆದುಕೊಳ್ಳುವಂತೆ ಮಾಡಲಾಗುವುದಿಲ್ಲ ಎಂಬುದಷ್ಟೇ ಅದರ ಬಲ.

ಆದ್ದರಿಂದಲೇ ಹಾಡಿದವರ ಮೇಲೆ ಪ್ರಕರಣಗಳು ಬೀಳುತ್ತವೆ. ಗುಜರಾತ್ ಗಲಭೆಗಳ ನಂತರ 2002ರಲ್ಲಿ ಪುಣೆಯಲ್ಲಿ ಹುಟ್ಟಿದ ಹಾಡುಗಾರರ ತಂಡ ಕಬೀರ್ ಕಲಾ ಮಂಚ್‌ನ, ಮಾವೋವಾದಿ ನಂಟಿನ ಆರೋಪ ಹೊತ್ತ ಶೀತಲ್ ಸಾಠೆ ಮತ್ತು ಸಚಿನ್ ಮಾಳಿ 2013ರ ಏಪ್ರಿಲ್‌ನಲ್ಲಿ ಮುಂಬಯಿಯ ವಿಧಾನಭವನದ ಎದುರು ತಾವಾಗಿ ಬಂದು ಬಂಧನಕ್ಕೆ ಒಳಗಾದರು. ಗರ್ಭಿಣಿಯಾಗಿದ್ದ ಶೀತಲ್ ಅವರಿಗೆ ಸುಮಾರು ಮೂರು ತಿಂಗಳಲ್ಲಿ ಜಾಮೀನು ದೊರೆಯಿತು. ಸಚಿನ್ ಮತ್ತು ಸಂಗಡಿಗರಿಗೆ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟದ್ದು 2017ರ ಜನವರಿಯಲ್ಲಿ. ಅದೇ ವರ್ಷದ ಡಿಸೆಂಬರ್ 31ರಂದು ಪುಣೆಯ ಶನಿವಾರವಾಡಾದ ಅಂಗಳದಲ್ಲಿ ಎಲ್ಗಾರ್ ಪರಿಷತ್ತು ಎಂಬ ದಲಿತ, ಪ್ರಗತಿಪರ ಸಂಘಟನೆಗಳ ಸಭೆ ನಡೆಯಿತು, ಮರುದಿನ ಭೀಮಾ ಕೋರೆಗಾಂವ್‌ನಲ್ಲಿ ಹಿಂಸಾಚಾರವಾಯಿತು, ಆ ಪ್ರಕರಣದಲ್ಲಿ ಮಂಚ್‌ನ ಮೂವರು ಕಲಾವಿದರನ್ನು 2020ರ ಸೆಪ್ಟೆಂಬರ್‌ನಲ್ಲಿ ಬಂಧಿಸಲಾಯಿತು. ಆರೋಪಗಳನ್ನು ನ್ಯಾಯಾಲಯ ಅಳೆಯಬೇಕು. ಆದರೆ ವೇದಿಕೆಯ ಹಾಡನ್ನೇ ಹಿಂಸೆಯ ಬೀಜವೆಂದು ಬಿಂಬಿಸಿದಾಗ, ಹಾಡು ಯಾವ ಗಾಯದ ಬಗ್ಗೆ ಹೇಳುತ್ತಿದೆ ಎಂಬ ಪ್ರಶ್ನೆ ಹಿಂದೆ ಸರಿದು, ಹಾಡಿದವರು ಯಾರ ಕಡೆಯವರು ಎಂಬ ಪ್ರಶ್ನೆ ಮುಂದೆ ಬರುತ್ತದೆ. ನಿರಾಕರಣೆಯ ಈ ವಿಧಾನ ಟ್ಯಾಂಕರ್‌ಗಳ ಕಥೆಗಿಂತ ಬಹಳ ಬೇರೆಯಾದುದಲ್ಲ.

ಚೈತನ್ಯ ತಾಮ್ಹಾಣೆ ಅವರ 2014ರ ‘ಕೋರ್ಟ್’ ಚಿತ್ರದಲ್ಲಿ, ಹಾಡು ಕೇಳಿ ಮ್ಯಾನ್‌ಹೋಲ್ ಕಾರ್ಮಿಕನೊಬ್ಬ ಆತ್ಮಹತ್ಯೆ ಮಾಡಿಕೊಂಡನೆಂಬ ಆರೋಪವನ್ನು ಮುಂಬಯಿಯ ಶಾಹಿರನ ಮೇಲೆ ಹೊರಿಸಲಾಗುತ್ತದೆ. ಕಾರ್ಮಿಕನಿಗೆ ಸುರಕ್ಷಾ ಸಾಧನಗಳೇ ಇರಲಿಲ್ಲ ಎಂಬ ವಾಸ್ತವ ಕಲಾಪದ ಮೂಲೆಯಲ್ಲಿ ಎಲ್ಲೋ ಕಂಡು ಮರೆಯಾಗುತ್ತದೆ. ಆ ಶಾಹಿರನ ಪಾತ್ರ ಮಾಡಿದ ನಾಗಪುರದ ಕಾರ್ಯಕರ್ತ ವೀರಾ ಸಾಥೀದಾರ್ 2021ರಲ್ಲಿ ಕೋವಿಡ್‌ನಿಂದ ತೀರಿಕೊಂಡರು. 2025ರ ಮೇ ತಿಂಗಳಲ್ಲಿ ಅವರ ನೆನಪಿನ ಸಭೆಯಲ್ಲಿ ಫೈಜ್ ಅಹ್ಮದ್ ಫೈಜ್ ಅವರ ಕವಿತೆಯೊಂದನ್ನು ಹಾಡಿದ್ದಕ್ಕೆ ನಾಗಪುರ ಪೊಲೀಸರು ಸಂಘಟಕರ ಮೇಲೆ, ದೇಶದ ಸಾರ್ವಭೌಮತೆಗೆ ಧಕ್ಕೆ ತರುವುದನ್ನು ಶಿಕ್ಷಿಸುವ, ಭಾರತೀಯ ನ್ಯಾಯ ಸಂಹಿತೆಯ 152ನೆಯ ಕಲಮಿನ ಅಡಿಯಲ್ಲಿ ಪ್ರಕರಣ ದಾಖಲಿಸಿದರು. ಅದಕ್ಕಿಂತ ಎರಡು ತಿಂಗಳ ಹಿಂದೆ, ಮಾರ್ಚ್ 28ರಂದು, ಕವಿತೆಯೊಂದರ ಕಾರಣ ಗುಜರಾತ್ ಪೊಲೀಸರು ಸಂಸದ ಇಮ್ರಾನ್ ಪ್ರತಾಪಗಢಿ ಅವರ ಮೇಲೆ ಹೂಡಿದ್ದ ಪ್ರಕರಣವನ್ನು ಸುಪ್ರೀಂ ಕೋರ್ಟ್ ರದ್ದುಗೊಳಿಸಿ, ಆಡಿದ ಮಾತಿನ ಪರಿಣಾಮವನ್ನು ದೃಢಮನಸ್ಸಿನ ವಿವೇಕಿಗಳ ಅಳತೆಯಲ್ಲಿ ನೋಡಬೇಕು, ದುರ್ಬಲ ಮನಸ್ಸಿನವರ ಅಳತೆಯಲ್ಲಲ್ಲ ಎಂದಿತ್ತು. ಜುಲೈನಲ್ಲಿ ಮಹಾರಾಷ್ಟ್ರದ ಎರಡೂ ಸದನಗಳು ವಿಶೇಷ ಸಾರ್ವಜನಿಕ ಸುರಕ್ಷತಾ ಮಸೂದೆಯನ್ನು ಅಂಗೀಕರಿಸಿದವು. ಭಿನ್ನಮತದ ಮಾತು, ಬರಹ, ಹಾಡುಗಳೂ ಅದರ ಬಲೆಯೊಳಗೆ ಬೀಳಬಹುದೆಂಬುದು ಅದನ್ನು ವಿರೋಧಿಸಿದವರ ಆತಂಕ. ಈ ವರ್ಷಗಳಲ್ಲಿ ಶಾಹಿರರ ಮೇಳಗಳು ತಮ್ಮ ಹಾಡುಗಳ ಪಟ್ಟಿಯನ್ನು ಮೊದಲೇ ವಕೀಲರಿಗೆ ತೋರಿಸಬೇಕಾದ ಕಾಲ ಬಂದರೆ ಅಚ್ಚರಿಪಡಬೇಕಾಗಿಲ್ಲ.

ಅಧಿಕಾರದ ಕಡೆಯ ನಿರಾಕರಣೆಯನ್ನು ಗುರುತಿಸುವುದು ಸುಲಭ. ನಮ್ಮೊಳಗಿನದು ಕಷ್ಟ. ಮುಂಬಯಿ ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳುವ ಕಥೆಯೊಂದಿದೆ: ಹೋಟೆಲಿನಲ್ಲಿ ಲೋಟ ತೊಳೆಯುತ್ತ ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರ ಕಥೆ. ಅದು ನಿಜವಾದ, ಗೌರವಕ್ಕೆ ಅರ್ಹವಾದ ಕಥೆ; ಈ ನಗರದ ಕನ್ನಡ ರಾತ್ರಿಶಾಲೆಗಳ ಸಾಧನೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದೇ ಕಥೆಯ ಮುಂದುವರಿಕೆಯಾಗಿ ‘ಮುಂಬಯಿಗೆ ಬಂದ ಮೇಲೆ ಜಾತಿ ಎಲ್ಲಿದೆ?’ ಎಂಬ ಮಾತು ಬಂದಾಗ ನಿಂತು ಯೋಚಿಸಬೇಕಾಗುತ್ತದೆ. ಜಾತಿವಾರು ಸಂಘಗಳು ಜಾತಿವಾರು ಸಭಾಂಗಣಗಳನ್ನು ಕಟ್ಟಿದ ನಗರ ಇದು. ಬಾಡಿಗೆಗೆ ಕೋಣೆ ಕೇಳಲು ಹೋದವನಿಗೆ ಊರು ಯಾವುದು ಎಂದು ಕೇಳಿದವರು ಅಷ್ಟಕ್ಕೇ ನಿಲ್ಲುವುದಿಲ್ಲ, ಊರಿನಲ್ಲಿ ಯಾವ ಓಣಿ ಎಂದೂ ಕೇಳುತ್ತಾರೆ. ನಮ್ಮ ವೇದಿಕೆಗಳಲ್ಲಿ ಯಕ್ಷಗಾನಕ್ಕೆ, ಭಾವಗೀತೆಗೆ, ದಾಸರ ಪದಕ್ಕೆ ಜಾಗವಿದೆ. ನಾಕಾದ ಕನ್ನಡಿಗರ ಹಾಡುಗಳಿಗೆ ಆಹ್ವಾನ ಹೋಗುವುದು ಅಪರೂಪ.

ಆ ಹಾಡುಗಳು ಇಲ್ಲವೆಂದಲ್ಲ. ಅಂಬೇಡ್ಕರ್ ತೀರಿಕೊಂಡ ಡಿಸೆಂಬರ್ 6ರ ಮಹಾಪರಿನಿರ್ವಾಣ ದಿನದ ಹಿಂದುಮುಂದೆ ದಾದರಿನ ಶಿವಾಜಿ ಪಾರ್ಕಿಗೆ ಹೋದರೆ, ಅವರ ಸ್ಮಾರಕವಾದ ಚೈತ್ಯಭೂಮಿಯ ಕಡೆಗೆ ಸಾಗುವ ಲಕ್ಷಾಂತರ ಜನರ ನಡುವೆ ಬೀದರ್, ಕಲಬುರಗಿ, ವಿಜಯಪುರದ ತಂಡಗಳೂ ಕಾಣುತ್ತವೆ. ಅಂಥ ಒಂದು ತಂಡದವರು ಮೈದಾನದ ಅಂಚಿನಲ್ಲಿ ಹಳೆಯ ಪೇಪರು ಸುಟ್ಟು ಹಲಗಿ ಕಾಯಿಸುತ್ತಿದ್ದುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಸಮುದ್ರದ ತೇವಕ್ಕೆ ಚರ್ಮ ಸಡಿಲಾಗುತ್ತದೆ. ಒಬ್ಬ ಹಿರಿಯರು ಹಲಗಿಯನ್ನು ಜ್ವಾಲೆಯ ಮೇಲೆ ತಿರುಗಿಸುತ್ತ, ಬೆರಳ ತುದಿಯಿಂದ ತಟ್ಟಿ ದನಿ ನೋಡುತ್ತ, ಇನ್ನೂ ಬಂದಿಲ್ಲವೆಂದು ಮತ್ತೆ ಬೆಂಕಿಗೆ ಹಿಡಿಯುತ್ತಿದ್ದರು. ಹಾಡು ಶುರುವಾದಾಗ ಕಥೆ ಕನ್ನಡದಲ್ಲಿತ್ತು, ಎತ್ತಿಕೊಳ್ಳುವ ಸಾಲು ಮರಾಠಿಯಲ್ಲಿತ್ತು. ಊರಿನ ಬಾವಿ, ಗೌಡರ ಕಟ್ಟೆ, ಚಹಾ ಅಂಗಡಿಯ ಬೇರೆ ಲೋಟ ಒಂದೊಂದಾಗಿ ಬಂದವು. ಪ್ರತಿಯೊಂದಕ್ಕೂ ಸುತ್ತ ನಿಂತ ಮರಾಠಿ ಜನ ಅರ್ಥವಾದವರಂತೆ ದನಿಗೂಡಿಸಿದರು. ಕನ್ನಡ ಬಲ್ಲ ನಾನು ಸುಮ್ಮನೆ ನಿಂತು ಕೇಳಿದೆ, ಕನ್ನಡ ಬಾರದವರು ಹಾಡಿದರು.

ಹಾಡುಗಳ ಲೋಕದ ಒಳಗೂ ನಿರಾಕರಣೆ ಇದೆ ಎಂಬುದನ್ನು ಹೇಳದೆ ಬಿಡಲಾಗದು. ಜಲಸಾದ ವೇದಿಕೆ ಬಹುಕಾಲ ಗಂಡಸರದೇ ಆಗಿತ್ತು. ಮನೆಯೊಳಗಿನ ಹಿಂಸೆ ಅದರ ಹಾಡುಗಳಲ್ಲಿ ಕಡಿಮೆ. ಹೆಂಗಸರ ಸಾಕ್ಷ್ಯ ಬೀಸುಕಲ್ಲಿನ ಮುಂದೆ ಹುಟ್ಟಿತು. ಪುಣೆಯಲ್ಲಿದ್ದು ಕೆಲಸ ಮಾಡಿದ ಹೇಮಾ ರಾಯರ್ಕರ್ ಮತ್ತು ಗೀ ಪ್ವಾತ್ವ್ಯಾಂ ಮಹಾರಾಷ್ಟ್ರದ ಹಳ್ಳಿಗಳಿಂದ ಒಂದು ಲಕ್ಷಕ್ಕೂ ಮೀರಿದ ಬೀಸುವ ಪದಗಳನ್ನು ಸಂಗ್ರಹಿಸಿದರು. ಅವುಗಳಲ್ಲಿ ಅಂಬೇಡ್ಕರ್ ಅವರನ್ನು ಅಣ್ಣನೆಂದೂ ತಂದೆಯೆಂದೂ ಕರೆಯುವ ದಲಿತ ಹೆಂಗಸರಿದ್ದಾರೆ, ಗಂಡನ ಹೊಡೆತವನ್ನೂ ಅತ್ತೆಮನೆಯ ಹಸಿವನ್ನೂ ಹೆಸರು ಹಿಡಿದು ಹೇಳುವವರೂ ಇದ್ದಾರೆ. ಇನ್ನೊಂದು ಅಪಾಯ ಚಪ್ಪಾಳೆಯದು. ಸಾಹಿತ್ಯ ಉತ್ಸವದ ತಂಪು ಸಭಾಂಗಣದಲ್ಲಿ ಪ್ರತಿಭಟನೆಯ ಹಾಡನ್ನು ಕೇಳಿ ಎದ್ದುನಿಂತು ಚಪ್ಪಾಳೆ ತಟ್ಟಿದವರು, ಹಾಡು ಯಾವ ಪ್ರಕರಣದ್ದು, ಆ ಪ್ರಕರಣ ಈಗ ಯಾವ ಹಂತದಲ್ಲಿದೆ ಎಂದು ಕೇಳದೆ ಮನೆಗೆ ಹೋದರೆ, ಅದೂ ಒಪ್ಪಿಕೊಂಡಂತೆ ತೋರುವ ನಿರಾಕರಣೆಯೇ.

ಮುಂಬಯಿ, ಪುಣೆಯ ಕನ್ನಡಿಗರು ಇಲ್ಲಿ ಮಾಡಬಹುದಾದ ಕೆಲಸವೊಂದಿದೆ. ಮರಾಠಿಯ ಶಾಹಿರರ ಹಾಡುಗಳ ಸಂಗ್ರಹಗಳು, ಅಧ್ಯಯನಗಳು, ಚಿತ್ರಗಳು ಸಾಕಷ್ಟಿವೆ. ಕಲ್ಲು ಒಡೆಯಲು, ಕಟ್ಟಡ ಕಟ್ಟಲು, ಗಟಾರ ತೋಡಲು ಬಂದ ಉತ್ತರ ಕರ್ನಾಟಕದವರು ಈ ನಗರಗಳಲ್ಲಿ ಕಟ್ಟಿದ, ಎರಡು ಭಾಷೆಗಳನ್ನು ಬೆರೆಸಿ ಹಾಡುವ ಪದಗಳಿಗೆ ಅಂಥ ಆಸರೆ ಸಿಕ್ಕಿಲ್ಲ. ಹಾಡುವವರಲ್ಲಿ ಎಷ್ಟೋ ಜನರಿಗೆ ವಯಸ್ಸಾಗಿದೆ, ಅವರ ಮೊಮ್ಮಕ್ಕಳು ಕನ್ನಡ ಶಾಲೆಗೆ ಹೋಗುತ್ತಿಲ್ಲ. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ, ಹಲವು ಉಪನಗರಗಳಲ್ಲಿ ಕನ್ನಡ ಸಂಘಗಳಿವೆ, ಧ್ವನಿಮುದ್ರಣಕ್ಕೆ ಇಂದು ಕೈಯಲ್ಲಿರುವ ಮೊಬೈಲ್ ಸಾಕು. ಹಾಡಿನ ಜೊತೆಗೆ ಅದು ಹೇಳುವ ಘಟನೆಯ ಊರು, ದಿನ, ಹೆಸರುಗಳನ್ನೂ, ಪೊಲೀಸ್ ಠಾಣೆಯಲ್ಲಿ ಏನಾಯಿತೆಂಬುದನ್ನೂ ಹಾಡಿದವರ ಒಪ್ಪಿಗೆ ಪಡೆದು ಬರೆದಿಡಬೇಕು. ಸಂಘಗಳು ನವೆಂಬರ್‌ನ ರಾಜ್ಯೋತ್ಸವಕ್ಕೆ ತಂಡಗಳನ್ನು ಗೊತ್ತುಮಾಡುವಾಗ ಧಾರಾವಿಯ, ಮಾನಖುರ್ದದ, ಹಡಪಸರದ ಈ ಹಾಡುಗಾರರನ್ನೂ ಕರೆಯಬೇಕು, ಬೇರೆ ಕಲಾವಿದರಿಗೆ ಕೊಡುವ ಸಂಭಾವನೆಯನ್ನೇ ಅವರಿಗೂ ಕೊಡಬೇಕು, ಯಾವ ಹಾಡು ಬೇಡವೆಂದು ಮೊದಲೇ ಸೂಚಿಸದೆ ಅವರು ತಂದ ಹಾಡನ್ನೇ ಕೇಳಬೇಕು.